ಹೂದಳ ಒತ್ತಲು ಜನ ಬೇಕಾಗಿದ್ದಾರೆ

ಪ್ರತಿ ತಿಂಗಳ ಎರಡನೆಯ ವಾರದಲ್ಲಿ ಇಂಗ್ಲೆಂಡಿನ ಅಂಚೆಚೀಟಿ ಹೊತ್ತ ಕಂದು ಬಣ್ಣದ ಲಕೋಟೆಯೊಂದು ನಮ್ಮ ಮನೆಗೆ ಬರುತ್ತದೆ. ಸಮುದ್ರ ದಾಟಿ ಬಂದದ್ದೆಂಬ ಗೌರವದಿಂದ ಅಂಚೆಯವನು ಅದನ್ನು ಬಾಗಿಲಲ್ಲಿ ಎಸೆಯದೆ ನನ್ನ ಕೈಗೇ ಕೊಡುತ್ತಾನೆ. ಅದನ್ನು ಕಳುಹಿಸುವವಳು ನನ್ನ ದೊಡ್ಡಮ್ಮನ ಮಗಳು. ಹಾಸನದಲ್ಲಿ ಹುಟ್ಟಿ ಬೆಳೆದ ಅಕ್ಕ, 2016ರಲ್ಲಿ ಭಾವನೊಡನೆ ಇಂಗ್ಲೆಂಡಿಗೆ ಹೋದವಳು, ಆ ದೇಶದ ನಡುಭಾಗದಲ್ಲಿರುವ ಡರ್ಬಿಷೈರ್ ಪ್ರಾಂತದ ಒಂದು ಹಳ್ಳಿಯಲ್ಲಿ ನೆಲೆಸಿದ್ದಾಳೆ. ಹತ್ತಿರದ ಪಟ್ಟಣದ ಆಸ್ಪತ್ರೆಯಲ್ಲಿ ಅವಳು ದಾದಿ. ದೂರವಾಣಿಯಲ್ಲಿ ಮುಖ ನೋಡಿಕೊಂಡೇ ಮಾತನಾಡಬಹುದಾದ ಈ ಕಾಲದಲ್ಲಿ ಲಕೋಟೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಲಕೋಟೆಯಲ್ಲಿ ಕಾಗದವಿರುವುದಿಲ್ಲ, ಇದ್ದರೂ ಎರಡೇ ಸಾಲು. ಇರುವುದು ಅವಳ ಹಳ್ಳಿಯ ಮಾಸಪತ್ರಿಕೆ.

ಪತ್ರಿಕೆಯೆಂದೊಡನೆ ಬಣ್ಣದ ಮುಖಪುಟ, ಧಾರಾವಾಹಿ, ನಗೆಹನಿ ಇವುಗಳನ್ನು ಊಹಿಸಿಕೊಳ್ಳಬೇಡಿ. ಎರಡು ಮೊಳೆ ಹೊಡೆದು ಹಿಡಿದಿಟ್ಟ ಹದಿನಾರು ಪುಟಗಳು, ಅಷ್ಟೆ. ಕಸದ ಗಾಡಿ ಯಾವ ವಾರ ಬರುತ್ತದೆ, ಪಟ್ಟಣಕ್ಕೆ ಹೋಗುವ ಬಸ್ಸಿನ ವೇಳೆ ಹೇಗೆ ಬದಲಾಗಿದೆ, ಚರ್ಚಿನ ಗಂಟೆ ಬಾರಿಸಲು ಕಲಿಯುವವರು ಯಾವ ಸಂಜೆ ಬರಬೇಕು, ಕ್ರಿಕೆಟ್ ತಂಡ ಎಷ್ಟು ಓಟಗಳಿಂದ ಸೋತಿತು, ಯಾರದೋ ಬೆಕ್ಕು ಕಾಣೆಯಾದದ್ದು ಯಾರ ಕೊಟ್ಟಿಗೆಯಲ್ಲಿ ಸಿಕ್ಕಿತು—ಇವು ಅಲ್ಲಿಯ ಸಮಾಚಾರಗಳು. ಮೇ ತಿಂಗಳಿಂದ ಮುಂದೆ ಪುಟಗಳು ತುಸು ದಪ್ಪವಾಗುತ್ತವೆ. ಊರ ಮೇಳ, ಫಲಪುಷ್ಪ ಪ್ರದರ್ಶನ, ತೋಟಗಳ ವೀಕ್ಷಣೆ, ಮಕ್ಕಳ ಓಟ, ಹಳೆಯ ಪುಸ್ತಕಗಳ ಮಾರಾಟ, ಪ್ರತಿಯೊಂದರ ಕೆಳಗೂ ತಪ್ಪದೆ 'ಚಹಾ ಮತ್ತು ಕೇಕು ದೊರೆಯುತ್ತದೆ' ಎಂಬ ಆಶ್ವಾಸನೆ.

ಮೊದಲ ಕೆಲವು ಸಂಚಿಕೆಗಳನ್ನು ಓದಿ ನಾನು ನಕ್ಕದ್ದುಂಟು. ಲೋಕವನ್ನಾಳಿದ ದೇಶದಲ್ಲಿ ಬೆಕ್ಕು ಸಿಕ್ಕಿದ್ದು ಒಂದು ವಾರ್ತೆಯೇ ಎಂದು ಅಕ್ಕನನ್ನು ಕೇಳಿದ್ದೆ. "ನಗುತ್ತೀಯೇನೋ? ನಗು. ಒಂದು ವರ್ಷ ಬಿಡದೆ ಓದು, ಆಮೇಲೆ ಹೇಳು" ಎಂದಳು. ಓದಿದೆ. ಹೀಗೆ ಓದುತ್ತಿದ್ದಾಗ, 2022ರ ಏಪ್ರಿಲ್ ಸಂಚಿಕೆಯ ಕೊನೆಯ ಪುಟದಲ್ಲಿ, ಕಪ್ಪು ಚೌಕಟ್ಟಿನೊಳಗೆ ನಾಲ್ಕು ಸಾಲುಗಳ ಒಂದು ಪ್ರಕಟಣೆ ಕಂಡಿತು. 'ಬಾವಿ ಸಿಂಗಾರಕ್ಕೆ ಹೂದಳ ಒತ್ತಲು ಜನ ಬೇಕಾಗಿದ್ದಾರೆ. ಅನುಭವ ಬೇಕಿಲ್ಲ. ಮೇ ತಿಂಗಳ ಕೊನೆಯೊಳಗೆ ಸಾಕಷ್ಟು ಮಂದಿ ಮುಂದೆ ಬಾರದಿದ್ದಲ್ಲಿ ಈ ವರ್ಷದಿಂದ ಸಿಂಗಾರವನ್ನು ನಿಲ್ಲಿಸಲಾಗುವುದು.' ಆ ಸಂಚಿಕೆಯನ್ನು ನಾನು ತೆಗೆದಿರಿಸಿದ್ದೇನೆ. ಇಂದಿನ ಲೇಖನಕ್ಕೆ ಅದೇ ಕಾರಣ.

ಬಾವಿಗೆ ಸಿಂಗಾರವೇ? ಹೌದು. ಆದರೆ ಆ ವಿಷಯಕ್ಕೆ ಹೋಗುವ ಮುನ್ನ ಇಂಗ್ಲಿಷ್ ಹಳ್ಳಿಯ ಬೇಸಿಗೆಯ ರೀತಿಯನ್ನು ತುಸು ಅರಿಯಬೇಕು.

ನಮಗೆ ಬೇಸಿಗೆಯೆಂದರೆ ನೆರಳನ್ನು ಹುಡುಕುವ ಕಾಲ. ಅವರಿಗೆ ಬಿಸಿಲನ್ನು ಅರಸುವ ಕಾಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕು ಗಂಟೆಗೇ ಕತ್ತಲೆ ಕವಿಯುವ ಆ ನಾಡಿನಲ್ಲಿ, ಜೂನ್ ತಿಂಗಳ ಉತ್ತರಾರ್ಧದಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ವರ್ಷದ ಉಳಿದ ಭಾಗದಲ್ಲಿ ಬಾಗಿಲು ಮುಚ್ಚಿಕೊಂಡು ಬಾಳುವ ಜನರಿಗೆ ಒಬ್ಬರನ್ನೊಬ್ಬರು ಕಾಣಲು ದೊರೆಯುವುದು ಈ ಮೂರು ನಾಲ್ಕು ತಿಂಗಳುಗಳೇ. ಆದುದರಿಂದ ವರ್ಷದ ಸಾಮಾಜಿಕ ವ್ಯವಹಾರವೆಲ್ಲ ಮೇ ತಿಂಗಳಿಂದ ಆಗಸ್ಟಿನವರೆಗಿನ ಶನಿವಾರ ಭಾನುವಾರಗಳಲ್ಲಿ ಒತ್ತಾಗಿ ಸೇರಿಕೊಳ್ಳುತ್ತದೆ. ಆ ಶನಿವಾರಗಳಲ್ಲಿ ಮಳೆ ಬರುವುದೂ ಅಷ್ಟೇ ಪ್ರಾಚೀನವಾದ ಸಂಪ್ರದಾಯ. 'ಮಳೆ ಬಂದರೆ ಊರ ಸಭಾಭವನದಲ್ಲಿ' ಎಂಬ ಮಾತಿಲ್ಲದ ಆಹ್ವಾನವನ್ನು ನಾನು ಆ ಪತ್ರಿಕೆಯಲ್ಲಿ ಇನ್ನೂ ಕಂಡಿಲ್ಲ.

ಈ ಮೇಳಗಳಲ್ಲಿ ನಡೆಯುವ ಸ್ಪರ್ಧೆಗಳ ವೈಚಿತ್ರ್ಯವನ್ನು ಏನೆಂದು ಹೇಳಲಿ! ಚೆಷೈರ್ ಪ್ರಾಂತದ ವಿಲ್ಲಾಸ್ಟನ್ ಹಳ್ಳಿಯಲ್ಲಿ ಎರೆಹುಳುಗಳನ್ನು ಮರುಳುಗೊಳಿಸಿ ನೆಲದಿಂದ ಮೇಲಕ್ಕೆ ಬರಿಸುವ ಪಂದ್ಯವುಂಟು. ಮೂರು ಮೀಟರ್ ಉದ್ದಗಲದ ಹುಲ್ಲುನೆಲ, ಅರ್ಧ ಗಂಟೆಯ ಅವಧಿ. ಅಗೆಯಕೂಡದು, ನೀರು ಹಾಕಕೂಡದು. ನೆಲಕ್ಕೆ ಕವೆಗೋಲು ಚುಚ್ಚಿ ಅಲುಗಿಸಿ ಹುಳುಗಳನ್ನು ಕರೆಯಬೇಕು. 1980ರಲ್ಲಿ ಅಲ್ಲಿಯ ಪ್ರಾಥಮಿಕ ಶಾಲೆಯ ಮೇಳದಲ್ಲಿ ಮೊದಲ ಬಾರಿಗೆ ಇದು ನಡೆದಾಗ ರೈತನ ಮಗನೊಬ್ಬ 511 ಹುಳುಗಳನ್ನು ಮೇಲೆಬ್ಬಿಸಿದ. ಆ ದಾಖಲೆಯನ್ನು 2009ರಲ್ಲಿ ಮುರಿದವಳು ಹತ್ತು ವರ್ಷದ ಹುಡುಗಿ. ಅವಳ ಲೆಕ್ಕ 567. ಯಾರ್ಕ್‌ಷೈರಿನ ಎಗ್ಟನ್ ಬ್ರಿಜ್ ಎಂಬಲ್ಲಿ 1800ರಲ್ಲಿ ಆರಂಭವಾದ ಗೂಸ್‌ಬೆರಿ ಹಣ್ಣಿನ ಪ್ರದರ್ಶನವಿದೆ. ನೋಟಕ್ಕೆ ನಮ್ಮ ನೆಲ್ಲಿಕಾಯಿಯನ್ನು ಹೋಲುವ ಈ ಹಣ್ಣನ್ನು ಚಿನ್ನದಂತೆ ತಕ್ಕಡಿಯಲ್ಲಿ ತೂಗುತ್ತಾರೆ. 2019ರಲ್ಲಿ 64.83 ಗ್ರಾಮ್ ತೂಗಿದ ಒಂದು ಹಣ್ಣು ಜಗತ್ತಿನ ದಾಖಲೆಯಾಯಿತು. ಅದೇ ಪ್ರಾಂತದ ಕೆಟಲ್‌ವೆಲ್ ಹಳ್ಳಿಯವರು 1994ರಿಂದ ಆಗಸ್ಟ್ ತಿಂಗಳಲ್ಲಿ ಬೀದಿ ಬೀದಿಗೂ ಬೆದರುಬೊಂಬೆಗಳನ್ನು ನಿಲ್ಲಿಸಿ ನೋಡುವವರನ್ನು ಕರೆಯುತ್ತಿದ್ದಾರೆ.

ಹುಚ್ಚಾಟವೆಂದು ತಳ್ಳಿಹಾಕುವ ಮುನ್ನ ಒಂದು ಮಾತನ್ನು ಗಮನಿಸಬೇಕು. ವಿಲ್ಲಾಸ್ಟನ್ನಿನ ಎರೆಹುಳುಗಳು ಎದ್ದುಬಂದದ್ದು ಶಾಲೆಯ ನಿಧಿಗಾಗಿ. ಕೆಟಲ್‌ವೆಲ್ಲಿನ ಬೆದರುಬೊಂಬೆಗಳು ನಿಂತದ್ದೂ ಊರಿನ ಸಣ್ಣ ಶಾಲೆಗೆ ಹಣ ಕೂಡಿಸಲೆಂದೇ. ಹಳ್ಳಿಯ ಬೇಸಿಗೆಯಲ್ಲಿ ಉದ್ದೇಶವಿಲ್ಲದ ಆಟ ಬಹಳ ಕಡಿಮೆ. ಕೇಕಿನ ತೂಕವನ್ನು ಊಹಿಸಲು ನೀವು ಕೊಟ್ಟ ಕಾಸು ಚರ್ಚಿನ ಸೋರುವ ಮಾಳಿಗೆಗೆ ಹೋಗುತ್ತದೆ. ಲಾಟರಿಯ ಚೀಟಿ ಸಭಾಭವನದ ಕಿಟಕಿಯಾಗುತ್ತದೆ.

ಇವುಗಳಲ್ಲಿ ನನ್ನ ಅಕ್ಕನಿಗೆ ಪ್ರಿಯವಾದದ್ದು ತೋಟಗಳ ವೀಕ್ಷಣೆ. ಅದಕ್ಕೆ ಕಾರಣವೂ ಉಂಟು. ಮನೆಮನೆಗೆ ನಡೆದುಹೋಗಿ ರೋಗಿಗಳ ಶುಶ್ರೂಷೆ ಮಾಡುತ್ತಿದ್ದ ದಾದಿಯರಿಗಾಗಿ ಹಣ ಕೂಡಿಸಬೇಕೆಂದು 1927ರಲ್ಲಿ ಒಂದು ಯೋಜನೆ ಹೊರಟಿತು. ಖಾಸಗಿ ತೋಟಗಳ ಒಡೆಯರು ಗೇಟು ತೆರೆದು, ತಲೆಗೆ ಒಂದು ಷಿಲಿಂಗಿನಂತೆ ಪಡೆದು ಜನರನ್ನು ಒಳಗೆ ಬಿಡಬೇಕು. ಮೊದಲ ವರ್ಷವೇ 609 ತೋಟಗಳು ತೆರೆದವು. 8,191 ಪೌಂಡು ಕೂಡಿತು. ಆಗಿನ್ನೂ ಸರಕಾರದ ಆರೋಗ್ಯಸೇವೆ ಹುಟ್ಟಿರಲಿಲ್ಲ. ಅದು ಬಂದದ್ದು 1948ರಲ್ಲಿ. ಆ ಸೇವೆ ಬಂದ ಮೇಲೂ ತೋಟಗಳ ಬಾಗಿಲು ಮುಚ್ಚಲಿಲ್ಲ. ಇಂದಿಗೂ ಬೇಸಿಗೆಯ ಭಾನುವಾರಗಳಲ್ಲಿ ಹಳದಿ ಫಲಕಗಳು ಗೇಟುಗಳ ಮುಂದೆ ತೂಗುತ್ತವೆ. ಹಣ ಇಂದಿಗೂ ಶುಶ್ರೂಷೆಯ ಕಾರ್ಯಗಳಿಗೆ ಸಲ್ಲುತ್ತದೆ. "ಗುಲಾಬಿ ಗಿಡಗಳು ನನ್ನ ವೃತ್ತಿಯನ್ನು ಸಾಕಿದವು ಕಣೋ" ಎಂದು ಅಕ್ಕ ಒಮ್ಮೆ ಹೇಳಿದ್ದಳು.

ಇನ್ನು ಕೇಕಿನ ವಿಷಯ. ಅದು ಮಹಿಳಾ ಸಮಾಜದ ಅಧಿಕಾರಕ್ಕೆ ಸೇರಿದ್ದು. ಕೆನಡಾ ದೇಶದಲ್ಲಿ 1897ರಲ್ಲಿ ಹುಟ್ಟಿದ ಈ ಗ್ರಾಮೀಣ ಮಹಿಳಾ ಸಮಾಜ, ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ ವೇಲ್ಸಿನ ಒಂದು ಹಳ್ಳಿಯ ಮೂಲಕ ಬ್ರಿಟನ್ನಿಗೆ ಕಾಲಿಟ್ಟಿತು. ದೇಶಕ್ಕೆ ಆಹಾರದ ಕೊರತೆಯಾಗಿದ್ದ ಕಾಲ. ಹಳ್ಳಿಯ ಹೆಂಗಸರು ಹೆಚ್ಚು ಬೆಳೆದು, ಕೆಡದಂತೆ ಕಾಪಿಡಬೇಕೆಂಬುದು ಅದರ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ವಿಕ್ಟೋರಿಯಾ ಕೇಕಿನ ಎರಡು ಪದರಗಳ ನಡುವೆ ರಾಸ್‌ಬೆರಿ ಜಾಮನ್ನಲ್ಲದೆ ಬೇರೇನನ್ನೂ ಹಚ್ಚಕೂಡದೆಂಬ ಅವರ ನಿಷ್ಠುರವಾದ ನಿಯಮವನ್ನು ಕೇಳಿ ನಗುವವರು, 1954ರಲ್ಲಿ ಇದೇ ಸಮಾಜ ಕೈಗೊಂಡ ನಿರ್ಣಯದಿಂದಲೇ ದೇಶವನ್ನು ಚೊಕ್ಕಟವಾಗಿಡುವ ಚಳವಳಿ ಹುಟ್ಟಿತೆಂಬುದನ್ನೂ ನೆನೆಯಬೇಕು.

ಹಳ್ಳಿಯ ಆಡಳಿತವೂ ಹೆಚ್ಚು ಕಡಿಮೆ ಇದೇ ಧಾಟಿಯದು. 1894ರ ಕಾನೂನು ಇಂಗ್ಲೆಂಡಿನ ಹಳ್ಳಿಗಳಿಗೆ ಚುನಾಯಿತ ಪ್ಯಾರಿಷ್ ಸಭೆಗಳನ್ನು ಕೊಟ್ಟಿತು. ಅದುವರೆಗೆ ಚರ್ಚಿನ ಆವರಣದಲ್ಲಿ ಪಾದ್ರಿಯೂ ಜಮೀನುದಾರನೂ ನಡೆಸುತ್ತಿದ್ದ ವ್ಯವಹಾರ ಕೂಲಿಕಾರನ ಕೈಗೂ ಬರಬಹುದಾಯಿತು. ಹೆಂಗಸರು ಪಾರ್ಲಿಮೆಂಟಿಗೆ ಮತ ಕೊಡುವುದಕ್ಕೆ ಎಷ್ಟೋ ವರ್ಷ ಮೊದಲೇ ಹಳ್ಳಿಯ ಸಭೆಗೆ ಮತ ಕೊಡಬಹುದಿತ್ತು, ಸದಸ್ಯರೂ ಆಗಬಹುದಿತ್ತು. ಸದಸ್ಯರಿಗೆ ಸಾಮಾನ್ಯವಾಗಿ ಸಂಬಳವಿಲ್ಲ. ಕಾಲುದಾರಿ, ಆಟದ ಬಯಲು, ಬಸ್ಸಿನ ತಂಗುದಾಣ, ಸ್ಮಶಾನದ ಬೇಲಿ—ಇವು ಅವರ ಸಾಮ್ರಾಜ್ಯ. ಅದನ್ನೂ ಯಾರಾದರೊಬ್ಬರು ಸಂಜೆಯ ಊಟ ಮುಗಿಸಿ, ಕೋಟು ಹೊದ್ದು, ತಣ್ಣನೆಯ ಭವನಕ್ಕೆ ಹೋಗಿ ಕುಳಿತರೆ ಮಾತ್ರ ನಡೆಸಬಹುದು.

ಹೀಗೆ ವರ್ಷವಿಡೀ ಓದಿದ ಮೇಲೆ ಆ ಹದಿನಾರು ಪುಟಗಳ ಗುಟ್ಟು ನನಗೆ ಹೊಳೆಯಿತು. ನಮ್ಮ ನಿಮ್ಮ ದಿನಪತ್ರಿಕೆಗಳು ಆಗಿಹೋದದ್ದನ್ನು ತಿಳಿಸುತ್ತವೆ. ನಾವು ಓದಿ ಮಡಿಸಿಡುತ್ತೇವೆ. ಹಳ್ಳಿಯ ಪತ್ರಿಕೆ ಇನ್ನೂ ಆಗಬೇಕಾದದ್ದನ್ನು ತಿಳಿಸುತ್ತದೆ. ಅದರ ಪ್ರತಿಯೊಂದು ಸುದ್ದಿಯೂ 'ಯಾರು ಬರುತ್ತೀರಿ?' ಎಂಬ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಬಾರದ ದಿನ ಮನೆಗಳು ಉಳಿಯುತ್ತವೆ, ಊರು ಉಳಿಯುವುದಿಲ್ಲ.

ಈಗ ಬಾವಿಯ ವಿಷಯಕ್ಕೆ ಬರೋಣ.

ಡರ್ಬಿಷೈರಿನ ಬಹುಭಾಗ ಗುಡ್ಡಗಾಡು. 1951ರಲ್ಲಿ ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಪೀಕ್ ಡಿಸ್ಟ್ರಿಕ್ಟ್ ಬಹುಮಟ್ಟಿಗೆ ಇಲ್ಲಿಯೇ ಇದೆ. ಅದರ ದಕ್ಷಿಣಾರ್ಧ ಸುಣ್ಣಕಲ್ಲಿನ ನೆಲ. ಮಳೆಗೆ ಕೊರತೆಯಿಲ್ಲ, ಆದರೆ ಬಿದ್ದ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಅಂತಹ ನೆಲದಲ್ಲಿ ಎಂದೂ ಬತ್ತದ ಒಂದು ಒರತೆ ಸಿಕ್ಕರೆ ಅದರ ಸುತ್ತಲೇ ಊರು ಬೆಳೆಯುತ್ತದೆ. ಅಲ್ಲಿಯವರು ಬಾವಿಯೆನ್ನುವುದು ಇಂತಹ ಒರತೆಗಳನ್ನು. ಹಗ್ಗ ಗಡಗಡೆಗಳ ನಮ್ಮ ಸೇದುವ ಬಾವಿಯನ್ನಲ್ಲ. ವರ್ಷಕ್ಕೊಮ್ಮೆ ಆ ಒರತೆಯ ಮುಂದೆ, ಆಳೆತ್ತರದ ಹಲಗೆಯ ಮೇಲೆ, ಸಾವಿರಾರು ಹೂದಳಗಳಿಂದ ಮಾಡಿದ ಚಿತ್ರವನ್ನು ನಿಲ್ಲಿಸಿ, ಮೆರವಣಿಗೆಯಲ್ಲಿ ಬಂದು ಪ್ರಾರ್ಥಿಸಿ, ನೀರಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ಇದೇ ಬಾವಿಯ ಸಿಂಗಾರ.

ಈ ಪದ್ಧತಿಗೆ ತವರೆಂದು ಹೆಸರಾದದ್ದು ಟಿಸಿಂಗ್ಟನ್ ಗ್ರಾಮ. ಕ್ರಿಸ್ತನ ಸ್ವರ್ಗಾರೋಹಣದ ದಿನ, ಎಂದರೆ ಈಸ್ಟರ್ ಹಬ್ಬದಿಂದ ನಲವತ್ತನೆಯ ದಿನ, ಅಲ್ಲಿಯ ಬಾವಿಗಳು ಹೂವನ್ನುಡುತ್ತವೆ. ಅವುಗಳಲ್ಲೊಂದಕ್ಕೆ ಆಕಾರದಿಂದಾಗಿ 'ಶವಪೆಟ್ಟಿಗೆಯ ಬಾವಿ' ಎಂದು ಹೆಸರು! 1349ರ ಮಹಾಮಾರಿ ಸುತ್ತಲ ಊರುಗಳನ್ನೆಲ್ಲ ನುಂಗಿದಾಗ ಟಿಸಿಂಗ್ಟನ್ ಮಾತ್ರ ತನ್ನ ಶುದ್ಧವಾದ ನೀರಿನಿಂದ ಬದುಕಿತೆಂದು ಒಂದು ಐತಿಹ್ಯ. 1615ರ ಬರದಲ್ಲಿಯೂ ಈ ಒರತೆಗಳು ಬತ್ತಲಿಲ್ಲವೆಂದು ಇನ್ನೊಂದು. ಎರಡರಲ್ಲಿ ಯಾವುದನ್ನು ನಂಬಿದರೂ ಕೃತಜ್ಞತೆಗೆ ಕೊರತೆಯಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಯೂಲ್‌ಗ್ರೇವ್ ಗ್ರಾಮದ ಕಥೆ. ಅದು ಏರಿನ ಮೇಲಿನ ಊರು. ನದಿ ಕೆಳಗೆ ಕಣಿವೆಯಲ್ಲಿ. ನೀರು ಹೊತ್ತು ಏರು ಹತ್ತುವ ಕೆಲಸ ಎಲ್ಲ ದೇಶಗಳಲ್ಲಿಯೂ ಯಾರ ಪಾಲಿಗೆ ಬರುತ್ತದೆಂದು ಹೇಳಬೇಕಾಗಿಲ್ಲ. ಕೊನೆಗೆ ಆ ಊರಿನ ಹೆಂಗಸರ ಸಹಾಯಸಂಘವೇ ಮುಂದೆ ಬಂದು, ದೂರದ ಒರತೆಯಿಂದ ಕೊಳವೆಯಲ್ಲಿ ನೀರು ತರಿಸಲು ನಿಧಿಯನ್ನು ಆರಂಭಿಸಿತು. 1829ರಲ್ಲಿ ಊರ ನಡುವಿನ ದುಂಡನೆಯ ಕಲ್ಲಿನ ತೊಟ್ಟಿಗೆ ನೀರು ಬಂದಿತು. ಆ ಸಂತೋಷದಲ್ಲಿ ಆ ವರ್ಷವೇ ನಲ್ಲಿಗಳಿಗೆ ಹೂವಿನ ಸಿಂಗಾರ ಮಾಡಿದರು. ಇಂದಿಗೂ ಜೂನ್ ತಿಂಗಳಲ್ಲಿ ಅಲ್ಲಿ ಸಿಂಗಾರ ನಡೆಯುತ್ತದೆ. ಇನ್ನೂ ವಿಶೇಷವೆಂದರೆ, ಊರಿನ ನೀರಿನ ಸರಬರಾಜು ಇಂದಿಗೂ ಹೊರಗಿನ ದೊಡ್ಡ ಕಂಪನಿಯ ಪಾಲಾಗದೆ ಗ್ರಾಮದವರ ಕೈಯಲ್ಲಿಯೇ ಇದೆ.

ಸಿಂಗಾರದ ಕೆಲಸವೇನು ಸುಲಭವೇ? ಮೊಳೆ ಹೊಡೆದ ಮರದ ಹಲಗೆಗಳನ್ನು ಹೊಳೆಯಲ್ಲೋ ಕೊಳದಲ್ಲೋ ಕೆಲವು ದಿನ ನೆನೆಹಾಕುತ್ತಾರೆ. ಒಣಮರ ಜೇಡಿಯ ತೇವವನ್ನು ಹೀರಿಬಿಡಬಾರದಲ್ಲವೇ? ಬಳಿಕ ಜೇಡಿಮಣ್ಣಿಗೆ ನೀರನ್ನೂ ಉಪ್ಪನ್ನೂ ಸೇರಿಸಿ ಕಾಲಿನಿಂದ ತುಳಿದು ಹದಗೊಳಿಸುತ್ತಾರೆ. ಉಪ್ಪು ಹಾಕುವುದು ಮಣ್ಣು ಬೇಗ ಒಣಗದಿರಲೆಂದು. ಹದವಾದ ಜೇಡಿಯನ್ನು ಹಲಗೆಗೆ ಮೆತ್ತಿ, ಚಿತ್ರ ಬರೆದ ಕಾಗದವನ್ನು ಅದರ ಮೇಲೆ ಹರಡಿ, ಗೆರೆಗಳಗುಂಟ ಸೂಜಿಯಿಂದ ಚುಚ್ಚುತ್ತಾರೆ. ಕಾಗದ ತೆಗೆದಾಗ ಚುಕ್ಕಿಗಳು ಉಳಿಯುತ್ತವೆ. ಆ ಚುಕ್ಕಿಗಳ ಮೇಲೆ ಆಲ್ಡರ್ ಮರದ ಪುಟ್ಟ ಕಪ್ಪು ಕಾಯಿಗಳನ್ನೋ ಕಾಫಿಬೀಜಗಳನ್ನೋ ಜೋಡಿಸಿ ರೇಖೆ ಮೂಡಿಸುತ್ತಾರೆ. ಮೊದಲು ಪಾಚಿ, ಕಲ್ಲುಹೂವು, ತೊಗಟೆ, ಬೀಜಗಳು. ಬಾಡುವ ವಸ್ತುವಾದ ಹೂದಳಕ್ಕೆ ಸರದಿ ಕೊನೆಗೆ. ದಳಗಳನ್ನು ಕೆಳಗಿನಿಂದ ಮೇಲಕ್ಕೆ, ಮಾಡಿಗೆ ಹಂಚು ಹೊದಿಸಿದಂತೆ, ಒಂದರ ಮೇಲೊಂದು ತುಸು ಬರುವಂತೆ ಒತ್ತುತ್ತ ಹೋಗಬೇಕು. ಹಾಗಾದಾಗ ಮಾತ್ರ ಮಳೆಯ ನೀರು ಒಳಹೋಗದೆ ಜಾರುತ್ತದೆ. ಹತ್ತಾರು ಜನ, ಹಲವು ದಿನ, ಬೆನ್ನು ಬಗ್ಗಿಸಿ ಮಾಡಿದ ಈ ಚಿತ್ರದ ಆಯುಸ್ಸು ಸುಮಾರು ಒಂದು ವಾರ.

ಒಂದು ವಾರದ ಚಿತ್ರಕ್ಕಾಗಿ ಇಷ್ಟು ಶ್ರಮವೇ ಎಂಬ ಪ್ರಶ್ನೆಗೆ ಉತ್ತರ ಬೇಕಾದವರು ಆಗಸ್ಟ್ ತಿಂಗಳ ಕೊನೆಯಲ್ಲಿ ಈಮ್ ಎಂಬ ಊರಿಗೆ ಹೋಗಬೇಕು. ಅಲ್ಲಿಯೂ ಬಾವಿಗಳ ಸಿಂಗಾರ ನಡೆಯುವುದು ಆಗಲೇ. 1665ರಲ್ಲಿ ಲಂಡನ್ನಿನಿಂದ ಈ ಊರಿನ ದರ್ಜಿಯ ಮನೆಗೆ ಬಂದ ಬಟ್ಟೆಯೊಡನೆ ಪ್ಲೇಗು ಬಂದಿತೆಂದು ಹೇಳುತ್ತಾರೆ. ಸೆಪ್ಟೆಂಬರ್ 7ರಂದು ಮೊದಲ ಸಾವು. ಮರುವರ್ಷ ಜೂನಿನಲ್ಲಿ ರೋಗ ಮತ್ತೆ ಹೆಡೆಯೆತ್ತಿದಾಗ, ಮೂವತ್ತು ತುಂಬದ ಪಾದ್ರಿ ವಿಲಿಯಂ ಮಾಂಪೆಸನ್ನನೂ, ಹಿಂದೆ ಆ ಪದವಿಯಿಂದ ತೆಗೆದುಹಾಕಲ್ಪಟ್ಟಿದ್ದ ಥಾಮಸ್ ಸ್ಟ್ಯಾನ್ಲಿಯೂ ತಮ್ಮ ಭಿನ್ನಾಭಿಪ್ರಾಯವನ್ನು ಬದಿಗಿಟ್ಟು, ಊರವರನ್ನು ಒಂದು ಮಾತಿಗೆ ಒಪ್ಪಿಸಿದರು: ಯಾರೂ ಊರು ಬಿಟ್ಟು ಹೋಗಕೂಡದು, ಪಕ್ಕದ ಊರುಗಳಿಗೆ ರೋಗವನ್ನು ಒಯ್ಯಕೂಡದು. ಹೊರಗಿನವರು ಗಡಿಯ ಕಲ್ಲಿನ ಬಳಿ ಆಹಾರವಿಟ್ಟು ಹೋಗುತ್ತಿದ್ದರು. ಕಲ್ಲಿನ ಕುಳಿಗಳಲ್ಲಿ ವಿನಿಗರ್ ತುಂಬಿ ಅದರಲ್ಲಿ ನಾಣ್ಯಗಳನ್ನಿಟ್ಟು ಊರವರು ಬೆಲೆ ತೆರುತ್ತಿದ್ದರು. ಚರ್ಚನ್ನು ಮುಚ್ಚಿ ಬಯಲ ಕಣಿವೆಯೊಂದರಲ್ಲಿ ದೂರ ದೂರ ನಿಂತು ಪ್ರಾರ್ಥಿಸಿದರು. ಎಲಿಜಬೆತ್ ಹ್ಯಾಂಕಾಕ್ ಎಂಬ ತಾಯಿ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಂದಿ ಮಕ್ಕಳನ್ನೂ ತನ್ನ ಕೈಯಿಂದಲೇ ಮಣ್ಣುಮಾಡಿದಳು. ಆಗಸ್ಟ್ 25ರಂದು ಪಾದ್ರಿಯ ಹೆಂಡತಿ ಕ್ಯಾಥರೀನಳೂ ತೀರಿಕೊಂಡಳು. ರೋಗ ಅಡಗುವ ಹೊತ್ತಿಗೆ ಸತ್ತವರ ಲೆಕ್ಕ 260.

ಈಗ ಪ್ರತಿ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಅದೇ ಕಣಿವೆಯಲ್ಲಿ ಜನ ಸೇರಿ ಪ್ರಾರ್ಥಿಸುತ್ತಾರೆ. ಅದೇ ದಿನಗಳಲ್ಲಿ ಊರಿನಲ್ಲಿ ಹೂವಿನ ಬಾವಿ, ಮಕ್ಕಳ ವೇಷ, ಚಹಾ, ಕೇಕು ಎಲ್ಲವೂ ಇರುತ್ತವೆ. ಶೋಕ ಮತ್ತು ಉತ್ಸವಗಳು ಒಂದೇ ವಾರದಲ್ಲಿ ಕೈಹಿಡಿದು ನಡೆಯುವುದನ್ನು ಕಂಡು ಅಕ್ಕ ಮೊದಲು ಬೆರಗಾಗಿದ್ದಳು. ಸತ್ತವರು ಊರನ್ನು ಬಿಟ್ಟು ಓಡಲಿಲ್ಲ. ಬದುಕಿರುವವರು ಊರಿಗೊಂದು ವಾರವನ್ನಾದರೂ ಕೊಡಬೇಡವೇ?

ಆದರೆ ಕೊಡುವವರು ಯಾರು? ಡರ್ಬಿಷೈರಿನ ಕಲ್ಲುಮನೆಗಳ ಚೆಲುವೇ ಅವುಗಳಿಗೆ ವೈರಿಯಾಗಿದೆ. ಪಟ್ಟಣದ ಸಿರಿವಂತರು ರಜೆಗೆಂದು ಮನೆಗಳನ್ನು ಕೊಳ್ಳುತ್ತಾರೆ, ಬೆಲೆ ಏರುತ್ತದೆ, ಅಲ್ಲಿಯೇ ಹುಟ್ಟಿದ ಯುವಕರು ಬೇರೆ ಕಡೆಗೆ ಹೋಗುತ್ತಾರೆ. ಮಕ್ಕಳಿಲ್ಲದೆ ಶಾಲೆ, ಗಿರಾಕಿಗಳಿಲ್ಲದೆ ಅಂಗಡಿ, ಪ್ರಯಾಣಿಕರಿಲ್ಲದೆ ಬಸ್ಸು, ಒಂದೊಂದಾಗಿ ನಿಲ್ಲುತ್ತವೆ. ಕೆಲವು ಊರುಗಳಲ್ಲಿ ಗ್ರಾಮಸ್ಥರೇ ಷೇರು ಹಾಕಿ, ಮುಚ್ಚಲಿದ್ದ ಅಂಗಡಿಯನ್ನು ಕೊಂಡು, ಸರದಿಯ ಮೇಲೆ ಗಲ್ಲಾದಲ್ಲಿ ಕುಳಿತು ನಡೆಸುತ್ತಿದ್ದಾರೆ. ಅಷ್ಟರಲ್ಲಿ 2020ರ ಸೋಂಕು ಬಂದಿತು. ಆ ಬೇಸಿಗೆಯಲ್ಲಿ ಮೇಳಗಳೂ ಪ್ರದರ್ಶನಗಳೂ ಬಾವಿ ಸಿಂಗಾರಗಳೂ ಬಹುಪಾಲು ನಿಂತುಹೋದವು. ಎಲ್ಲರೂ ಮನೆಯಲ್ಲಿ ಉಳಿಯಬೇಕೆಂಬ ಆಜ್ಞೆ ಹೊರಟಾಗ ಈಮ್ ಗ್ರಾಮದ ಕಥೆಯನ್ನು ಜನ ಮತ್ತೆ ನೆನೆದರು. ಒಂದು ವರ್ಷ ನಿಂತದ್ದನ್ನು ಮತ್ತೆ ಎಬ್ಬಿಸುವುದು ಎಷ್ಟು ಕಷ್ಟವೆಂಬುದು ಆಮೇಲೆ ತಿಳಿಯಿತು. ಎಪ್ಪತ್ತು ದಾಟಿದ ಕೈಗಳು ಆ ಎರಡು ವರ್ಷಗಳಲ್ಲಿ ಇನ್ನಷ್ಟು ನಡುಗತೊಡಗಿದ್ದವು. ಅಕ್ಕನ ಊರಿನ ಕಪ್ಪು ಚೌಕಟ್ಟಿನ ಪ್ರಕಟಣೆ ಬಂದದ್ದು ಆಗ.

ಅಕ್ಕ ಆ ಊರಿಗೆ ಹೋಗಿ ಆಗಲೇ ಆರು ವರ್ಷವಾಗಿತ್ತು. ದಾರಿಯಲ್ಲಿ ಕಂಡವರು "ಇಂದು ತುಸು ತಣ್ಣಗಿದೆ" ಎನ್ನುವರು. ಇವಳು "ಹೌದು, ತುಸು ತಣ್ಣಗಿದೆ" ಎನ್ನುವಳು. ಆರು ವರ್ಷಗಳ ಸ್ನೇಹ ಹವಾಮಾನವನ್ನು ದಾಟಿರಲಿಲ್ಲ. ಯಾರೂ ಒರಟಾಗಿ ನಡೆದವರಲ್ಲ. ಆದರೆ ಯಾರೂ ಬಾಗಿಲು ತಟ್ಟಿದವರೂ ಅಲ್ಲ. ಇವಳೂ ತಟ್ಟಿರಲಿಲ್ಲವೆಂಬುದನ್ನು ಅವಳೇ ಒಪ್ಪುತ್ತಾಳೆ. 'ಅನುಭವ ಬೇಕಿಲ್ಲ' ಎಂಬ ಎರಡು ಪದಗಳನ್ನು ಓದಿ ಅವಳು ನಕ್ಕಳಂತೆ. ಹಾಸನದ ಮನೆಯ ಅಂಗಳದಲ್ಲಿ ಅಜ್ಜಿಯ ಪಕ್ಕದಲ್ಲಿ ಕುಳಿತು ಧನುರ್ಮಾಸದ ಚಳಿಯಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆದವಳಿಗೆ ಅನುಭವ ಬೇಕಿಲ್ಲವೇ!

ಮೇ ತಿಂಗಳ ಕೊನೆಯ ಸಂಜೆ ಭವನದ ಬಾಗಿಲು ತೆರೆದಾಗ ಒಳಗಿದ್ದವರು ಆರು ಮಂದಿ, ಎಲ್ಲರೂ ಹಳಬರು. ಅಕ್ಕ ಏಳನೆಯವಳು. ಅರ್ಧ ಗಂಟೆಯೊಳಗೆ ಹನ್ನೆರಡು ವರ್ಷದ ಒಬ್ಬ ಹುಡುಗ ತಾಯಿಯೊಡನೆ ಬಂದ. ಕೊನೆಗೆ, ಶನಿವಾರ ಮಾತ್ರ ದೀಪ ಉರಿಯುತ್ತಿದ್ದ ಒಂದು ರಜೆಯ ಮನೆಯ ಒಡೆಯ, ತಪ್ಪು ಮಾಡಿದವನಂತೆ ಬಾಗಿಲಲ್ಲಿ ನಿಂತು, "ನಾನೂ ಬರಬಹುದೆ?" ಎಂದನಂತೆ. ಹತ್ತು ಜನ. ಸಾಲದು, ಆದರೂ ಸಾಗಿಸೋಣವೆಂದು ನಿಶ್ಚಯವಾಯಿತು.

ಮುಂದಿನ ಕಥೆಯನ್ನು ಅಕ್ಕನ ಬಾಯಿಂದಲೇ ಕೇಳಬೇಕು. ಚಿತ್ರಗಳನ್ನು ಹಲವು ದಶಕಗಳಿಂದ ಬರೆದುಕೊಡುತ್ತಿದ್ದ ಒಬ್ಬ ವೃದ್ಧೆಗೆ ಬೆರಳು ಮಡಚಲು ಬಾರದು. ಆಕೆ ಕುರ್ಚಿ ಹಾಕಿಕೊಂಡು ಹಲಗೆಯ ಪಕ್ಕದಲ್ಲಿ ಕುಳಿತು, ಬೆತ್ತದ ತುದಿಯಿಂದ ತೋರಿಸುತ್ತ, ಮೂರು ದಿನ ಅಕ್ಕನ ಕೈಯಿಂದ ಕೆಲಸ ಮಾಡಿಸಿದಳು. ಆಲ್ಡರ್ ಕಾಯಿಗಳು ಸಾಲದೆ ಹೋದಾಗ ಅಕ್ಕ ಮನೆಗೆ ಓಡಿ, ದೊಡ್ಡಮ್ಮ ಕಳುಹಿಸಿದ್ದ ಸಕಲೇಶಪುರದ ಹುರಿದ ಕಾಫಿಬೀಜದ ಚೀಲವನ್ನೇ ತಂದು ಸುರಿದಳು. ಭಾವ ಆ ತಿಂಗಳೆಲ್ಲ ಚಹಾ ಕುಡಿದರು. ಅವರ ಮುಖವನ್ನು ನೋಡಿ ಊರವರಿಗೆ ಈ ತ್ಯಾಗದ ಪ್ರಮಾಣ ಅರ್ಥವಾಯಿತಂತೆ. ಅಂದಿನಿಂದ ಯಾರೋ ಒಬ್ಬರು ಪ್ರತಿ ಕ್ರಿಸ್‌ಮಸ್ಸಿಗೆ ಅವರ ಬಾಗಿಲಲ್ಲಿ ಕಾಫಿಯ ಪೊಟ್ಟಣವಿಟ್ಟು ಹೋಗುತ್ತಾರೆ. ಯಾರೆಂದು ಇಂದಿಗೂ ತಿಳಿದಿಲ್ಲ.

ವಾರದ ಬಳಿಕ ದಳಗಳು ಕಂದಿದವು. ಜೇಡಿಯನ್ನು ಕೆರೆದು ತೆಗೆದು ಹಲಗೆಗಳನ್ನು ಕೊಟ್ಟಿಗೆ ಸೇರಿಸಿದರು. ಜುಲೈ ಸಂಚಿಕೆಯಲ್ಲಿ ಕೃತಜ್ಞತೆಯ ಪಟ್ಟಿ ಬಂದಿತು. ಹತ್ತು ಹೆಸರುಗಳಲ್ಲಿ ಒಂಬತ್ತು ಸರಿಯಾಗಿದ್ದವು. ಅಕ್ಕನ ಹೆಸರನ್ನು ಮಾತ್ರ ಅದು ಯಾರದೆಂದು ಅವಳ ತಾಯಿಯೂ ಗುರುತಿಸದಂತೆ ಅಚ್ಚುಮಾಡಿದ್ದರು. "ಬೇಸರವಾಗಲಿಲ್ಲವೇ?" ಎಂದು ಕೇಳಿದೆ. "ಇಲ್ಲ ಕಣೋ. ಹೆಸರು ತಪ್ಪಾಗಬೇಕಾದರೂ ಮೊದಲು ಪಟ್ಟಿಯಲ್ಲಿರಬೇಕಲ್ಲ" ಎಂದಳು.

ಆ ವೃದ್ಧೆ ಮರುವರ್ಷದ ಜನವರಿಯಲ್ಲಿ ತೀರಿಕೊಂಡಳು. ಪತ್ರಿಕೆಯಲ್ಲಿ ಆಕೆಗೆ ಸಂದದ್ದು ಅರ್ಧ ಪುಟ. ಕಸದ ಗಾಡಿಯ ವೇಳಾಪಟ್ಟಿಯ ಎದುರು ಪುಟದಲ್ಲಿ. ಶವಸಂಸ್ಕಾರವಾದ ಮೇಲೆ ಆಕೆಯ ಮಗ ಅಕ್ಕನ ಬಾಗಿಲು ತಟ್ಟಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಕೊಟ್ಟುಹೋದನಂತೆ. ಅದರ ತುಂಬ ಪ್ರತಿ ವರ್ಷವೂ ಜೇಡಿಯಿಂದ ಬಿಡಿಸಿ, ತೊಳೆದು, ಒಣಗಿಸಿ ಕಾಪಿಟ್ಟ ಆಲ್ಡರ್ ಕಾಯಿಗಳು.

ನಮ್ಮ ಬಡಾವಣೆಯಲ್ಲಿ ನಾನು ವಾಸವಾಗಿ ಒಂಬತ್ತು ವರ್ಷವಾಯಿತು. ಎದುರುಮನೆಯವರ ಹೆಸರನ್ನು ನಾನು ಬಲ್ಲೆ, ಏಕೆಂದರೆ ಅದನ್ನು ಗೇಟಿನ ಮೇಲೆ ಬರೆಸಿದ್ದಾರೆ. ಅದಕ್ಕಿಂತ ಹೆಚ್ಚಿನದನ್ನು ಬಲ್ಲೆನೆಂದು ಹೇಳಲಾರೆ. ಬೆಕ್ಕು ಸಿಕ್ಕಿದ ಸುದ್ದಿಗೆ ನಕ್ಕವನು ನಾನು. ನಮ್ಮ ಬೀದಿಯಲ್ಲಿ ಬೆಕ್ಕು ಕಳೆದರೆ ಹುಡುಕಿಕೊಡುವವರು ಯಾರೆಂದು ಈಚೆಗೆ ಯೋಚಿಸುತ್ತಿದ್ದೇನೆ.

ಈ ವರ್ಷದ ಏಪ್ರಿಲ್ ಸಂಚಿಕೆ ಎಂದಿನಂತೆ ಎರಡನೆಯ ವಾರದಲ್ಲಿ ತಲಪಿತು. ಕೊನೆಯ ಪುಟವನ್ನೇ ಮೊದಲು ತೆರೆದೆ. ಚೌಕಟ್ಟು ಈಗ ಕಪ್ಪಲ್ಲ, ಹಸುರು. 'ಬಾವಿ ಸಿಂಗಾರಕ್ಕೆ ಹೂದಳ ಒತ್ತಲು ಜನ ಬೇಕಾಗಿದ್ದಾರೆ. ಅನುಭವ ಬೇಕಿಲ್ಲ. ಚಹಾ, ಕೇಕು ಮತ್ತು ಕಾಫಿ ದೊರೆಯುತ್ತದೆ.' ನಿಲ್ಲಿಸಲಾಗುವುದೆಂಬ ಮಾತಿರಲಿಲ್ಲ. ಕೆಳಗೆ, ಬಂದು ಕಾಣಬೇಕಾದ ಕಾರ್ಯದರ್ಶಿಯ ಹೆಸರಿತ್ತು. ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದೆ. ಈ ಸಲ ತಪ್ಪಿರಲಿಲ್ಲ.